ಹಿಂಬಾಗಿಲಿನ ಸ್ವಿಚ್ಚು

ಮಹಿಳಾ ಹಾಸ್ಟೆಲ್, ತುಮಕೂರು
29-6-1986

ಪ್ರೀತಿಯ ಪಿಳ್ಳಮ್ಮನಿಗೆ,

ನಿನ್ನಿಂದ ಒಂದು ಸಹಾಯ ಆಗಬೇಕು. ನಮ್ಮ ಟಿ.ಸಿ.ಎಚ್. ಶಿಕ್ಷಕರ ತರಬೇತಿಯಲ್ಲಿ ಎರಡನೇ ವರ್ಷದವರೆಲ್ಲ ಮಕ್ಕಳ ಬಗ್ಗೆ ಒಂದು ರೆಕಾರ್ಡ್ ಬರೆದು ಕೊಡಬೇಕು. ನನಗೆ ಬಂದಿರುವ ವಿಷಯ: ಆಟದಲ್ಲಿ ಗೆದ್ದಾಗ ಮಕ್ಕಳು ಏನು ಕಾರಣ ಹೇಳುತ್ತಾರೆ, ಸೋತಾಗ ಏನು ಹೇಳುತ್ತಾರೆ. ಜೊತೆಯವರು ಖೋ ಖೋ, ಲಗೋರಿ ಅಂತ ಆರಿಸಿಕೊಂಡಿದ್ದಾರೆ. ಹೋದ ವಾರ ಅಪ್ಪನವರು ರಾಗಿ ಹಿಟ್ಟು ತಂದುಕೊಟ್ಟಾಗ, ಚಿಕ್ಕಪ್ಪನವರು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ವಿಡಿಯೋ ಗೇಮ್ ಮಿಷನ್ ಇಟ್ಟಿದ್ದಾರೆ, ನೀನೇ ಅಲ್ಲಿ ಕೂತು ದುಡ್ಡು ತೆಗೆದುಕೊಂಡು ಮಕ್ಕಳಿಗೆ ಆಟದ ಬಿಲ್ಲೆ ಕೊಡುತ್ತೀಯ ಎಂದರು. ಇಂಥ ಆಟದ ಮೇಲೆ ಇಲ್ಲಿ ಯಾರೂ ಬರೆದಿಲ್ಲ. ಮಕ್ಕಳು ಆಡುವ ಮಾತನ್ನು ಹಾಗೆಹಾಗೇ ಬರೆದು ಕಳಿಸು.

ನಿನಗೂ ಹೊತ್ತು ಹೋಗುತ್ತದೆ.

ನಿನ್ನ ಅಕ್ಕ,
ಭಾಗ್ಯ


ರಾಜಗೋಪಾಲನಗರ
9-7-1986

ಅಕ್ಕಾ,

ಕಾಗದದಲ್ಲಿ ಮೊದಲು ಕ್ಷೇಮ ಬರೆಯಬೇಕು. ಅಪ್ಪನಿಗೆ ಮಂಡಿ ನೋವು, ಚಿಕ್ಕಪ್ಪನಿಗೆ ದುರಾಸೆ, ನನಗೆ ಸಂಶಯ. ನಮ್ಮ ಕ್ಷೇಮ ಇಷ್ಟು.

ಅಮ್ಮ ಹೋದ ಮೇಲೆ ನಿನ್ನಿಂದ ಮೂರು ಕಾಗದ ಬಂದಿವೆ. ಮೂರರಲ್ಲೂ ನಿನಗೆ ಏನೋ ಬೇಕಾಗಿತ್ತು. ಒಂದರಲ್ಲಿ ಕಂಬಳಿ, ಒಂದರಲ್ಲಿ ಹುರಿಹಿಟ್ಟು, ಇದರಲ್ಲಿ ಮಕ್ಕಳು. ಅಪ್ಪ ಯಾವಾಗಿನಿಂದ 'ಅಪ್ಪನವರು' ಆದನೋ ಅದೂ ಗೊತ್ತಾಗಲಿಲ್ಲ. ಆದರೂ ಬರೆಯುತ್ತೇನೆ. ಕೂತು ಕೂತು ನನಗೂ ಕಾಲು ಜೋಮು ಹಿಡಿಯುತ್ತಿದೆ.

ಮಿಷನ್ ಅಂದರೆ ಬೀರುವಿನಷ್ಟು ಎತ್ತರದ ಪೆಟ್ಟಿಗೆ, ಎದೆಯ ಮಟ್ಟಕ್ಕೆ ಟಿ.ವಿ. ಇದೆ. ಮೇಲಿನಿಂದ ಹುಳಗಳು ಸಾಲುಸಾಲಾಗಿ ಇಳಿಯುತ್ತವೆ. ಕೆಳಗಿನ ಹಡಗನ್ನು ಕೋಲು ಹಿಡಿದು ಎಡಕ್ಕೆ ಬಲಕ್ಕೆ ಓಡಿಸಿ ಗುಂಡಿ ಒತ್ತಿ ಹೊಡೆಯಬೇಕು. ಮೂರು ಹಡಗು ಸತ್ತರೆ ಆಟ ಮುಗಿಯಿತು.

ದೊಡ್ಡಮುನಿಯಪ್ಪನ ಮೊಮ್ಮಗ ಮುನಿಕೃಷ್ಣ ಗೆದ್ದರೆ, "ನೋಡ್ದಾ ಅಕ್ಕ, ಕೈ ಅಂದ್ರೆ ಇದು" ಅನ್ನುತ್ತಾನೆ. ಸೋತರೆ, "ಕೋಲು ಲೂಸ್ ಕಣಕ್ಕ, ಎಡಕ್ಕೆ ತಿರುಗ್ತಾನೇ ಇಲ್ಲ." ಅದೇ ಕೋಲು, ಅದೇ ಕೈ, ನಡುವೆ ಐದು ನಿಮಿಷ.

ನಮ್ಮ ಬಾಡಿಗೆ ಸಾಲುಮನೆಯಲ್ಲಿರುವ ಲೇತ್ ಕೆಲಸದವರ ಮಗ ಸೆಲ್ವ ಇದ್ದಾನೆ. "ಎರಡು ಗಂಟೆ ಶಿಫ್ಟಿಗೆ ಫ್ಯಾಕ್ಟ್ರಿ ಮಿಷನ್ನೆಲ್ಲಾ ಆನ್ ಮಾಡ್ತಾರೆ. ವೋಲ್ಟೇಜ್ ಬಿದ್ದೋಗುತ್ತೆ, ಹಡಗು ಅಳ್ಳಾಡುತ್ತೆ. ನಂದೇನಕ್ಕ ತಪ್ಪು?" ನಾನು ನಂಬಲಿಲ್ಲ, ಬಲ್ಬ್ ನೋಡುತ್ತಾ ಕೂತೆ. ಎರಡು ಗಂಟೆಗೆ ಸರಿಯಾಗಿ ಮಂಕಾಯಿತು. ಅವನು ಹೇಳಿದ್ದು ನಿಜ. ಆದರೆ ಅವನು ಬೆಳಿಗ್ಗೆ ಹನ್ನೊಂದಕ್ಕೂ ಸೋತಿದ್ದ. "ಅದು ಬೇರೆ ಮ್ಯಾಟರ್ ಬಿಡಕ್ಕ" ಅಂದ.

ಪಾಪಣ್ಣ ಅಂತ ಇನ್ನೊಬ್ಬ. ಹಿಂದೆ ನಿಂತವರು ಕಣ್ಣು ಹಾಕುತ್ತಾರಂತೆ. ಅವನ ಸರದಿ ಬಂದಾಗ ಎಲ್ಲರೂ ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕು, ನಾನೂ ಸೇರಿ.

ಕೊನೆಗೆ ಈಶ್ವರಿ. ಮೂಲೆಯಲ್ಲಿ ಸೊಪ್ಪು ಮಾರುವ ಸೊಣ್ಣಮ್ಮನ ಮಗಳು, ಹತ್ತು ವರ್ಷ. ಆಡುವುದಕ್ಕೆ ಬರುವ ಹುಡುಗಿ ಅವಳೊಬ್ಬಳೇ, ವಾರಕ್ಕೊಂದು ಸಲ ಬರುತ್ತಾಳೆ. ಹೋದ ವಾರ ಮೂರನೇ ಸಾಲಿನ ತನಕ ಹೋದಳು. ಹೇಗೆ ಹೋದೆ ಅಂತ ಕೇಳಿದರೆ, "ಹೆಂಗೋ ಆಯ್ತಕ್ಕ" ಅಂದಳು. ಈ ವಾರ ಬೇಗ ಸೋತಳು. "ನಂಗೆ ಬರಲ್ಲ ಅಂತ ಗೊತ್ತಿತ್ತು" ಅಂತ ಲಂಗ ಕೊಡವಿಕೊಂಡು ಹೋದಳು. ಗೆದ್ದರೆ ಅವಳದ್ದಲ್ಲ, ಸೋತರೆ ಅವಳದ್ದು.

ಬೆಳಿಗ್ಗೆ ಕೋಣೆ ಗುಡಿಸುವಾಗ ನಾನೂ ಒಂದು ಆಟ ಆಡುತ್ತೇನೆ. ಇದನ್ನು ರೆಕಾರ್ಡಿನಲ್ಲಿ ಬರೆಯಬೇಡ. ಸೋತಾಗ ನಾನು ಹೇಳಿಕೊಳ್ಳುವುದೂ ಈಶ್ವರಿಯ ಮಾತೇ. ಇವಳ ತಲೆಗೆ ಲೆಕ್ಕ ಹತ್ತುವುದಿಲ್ಲ, ಮನೆಯಲ್ಲೇ ಇಟ್ಟುಕೊಳ್ಳಿ ಅಂತ ಮೇಷ್ಟ್ರೇ ಬರೆದುಕೊಟ್ಟಿದ್ದಾರಲ್ಲ. ಹೋದ ವರ್ಷ ದಸರಾ ರಜೆಗೆ ಬಂದಿದ್ದಾಗ ಆ ಕಾಗದವನ್ನು ಅಪ್ಪನಿಗೆ ಓದಿ ಹೇಳಿದವಳು ನೀನೇ.

ಪಿಳ್ಳಿ


ತುಮಕೂರು
22-7-1986

ಪ್ರೀತಿಯ ಪಿಳ್ಳಿ,

ನಿನ್ನ ಕಾಗದ ತುಂಬಾ ಚೆನ್ನಾಗಿದೆ. ನಮ್ಮ ಮನಶ್ಶಾಸ್ತ್ರದ ವಸಂತಮ್ಮ ಮೇಡಂ ಅವರಿಗೆ ತೋರಿಸಿದೆ. ಸೋಲಿಗೆ ಮಿಷನ್ನನ್ನೋ ಕರೆಂಟನ್ನೋ ದೂರುವ ಮಗು ತಪ್ಪಿಸಿಕೊಳ್ಳುತ್ತದೆ, ತನ್ನ ಸೋಲನ್ನು ಒಪ್ಪಿಕೊಳ್ಳುವ ಮಗುವೇ ಮುಂದೆ ತಿದ್ದಿಕೊಳ್ಳುತ್ತದೆ ಎಂದರು. ಹಾಗೆ ನೋಡಿದರೆ ಈಶ್ವರಿಯೇ ಒಳ್ಳೆಯ ವಿದ್ಯಾರ್ಥಿನಿ.

ಒಂದು ಮಾತು ಕೇಳಲೇ? ಈಶ್ವರಿ ನಿಜವಾಗಿಯೂ ಇದ್ದಾಳೆಯೇ? ಅಥವಾ ನನಗೆ ಚುಚ್ಚಲಿಕ್ಕೆಂದು ನೀನು ಕಟ್ಟಿದ ಹುಡುಗಿಯೇ? ಇಲ್ಲದ್ದನ್ನು ಬರೆದರೆ ನನ್ನ ರೆಕಾರ್ಡ್ ಕೆಡುತ್ತದೆ.

ಇನ್ನೊಂದು ವಿಷಯ. ಎಸ್.ಎಸ್.ಎಲ್.ಸಿ.ಯನ್ನು ಖಾಸಗಿಯಾಗಿ ಕಟ್ಟಬಹುದು. ನವೆಂಬರ್ ಹದಿನೈದರೊಳಗೆ ಫಾರಂ ಕೊಡಬೇಕು. ನೀನು ಯಾಕೆ ಕೂರಬಾರದು? ನೀನು ದಡ್ಡಿಯಲ್ಲ.

ಭಾಗ್ಯ


ರಾಜಗೋಪಾಲನಗರ
17-8-1986

ಅಕ್ಕಾ,

ಈಶ್ವರಿ ಇದ್ದಾಳೆ. ನಿನ್ನೆ ನನ್ನ ಕೈಯಲ್ಲಿದ್ದ ಸೀಬೆಹಣ್ಣನ್ನು ಅರ್ಧ ಕಚ್ಚಿಕೊಂಡು ಹೋದಳು. ಇಲ್ಲದ ಹುಡುಗಿಗೆ ಅಷ್ಟು ಹಲ್ಲು ಇರುವುದಿಲ್ಲ. ಸೊಪ್ಪು ಮಾರುವವಳ ಮಗಳು ಸೋತರೆ ತುಮಕೂರಿನಲ್ಲಿರುವ ನಿನಗೆ ಯಾಕೆ ಚುಚ್ಚಬೇಕು? ನನಗೆ ಅರ್ಥವಾಗಲಿಲ್ಲ.

ನಾನು ದಡ್ಡಿಯಲ್ಲ ಅಂತ ನಿನಗೆ ಯಾವಾಗ ಗೊತ್ತಾಯಿತು? ಹೋದ ವರ್ಷ ಗೊತ್ತಿರಲಿಲ್ಲ. ಫಾರಂ ನನಗೆ ಬೇಡ. ಎರಡನೇ ಸಲ ಅದೇ ಮಾತನ್ನು ಯಾರಿಂದಲೂ ಬರೆಸಿಕೊಳ್ಳುವುದಿಲ್ಲ.

ಈಗ ನಿನ್ನ ಮೇಡಮ್ಮಿಗೆ ಒಂದು ಸಮಾಚಾರ. ಹದಿನೈದು ದಿನದ ಹಿಂದೆ ಚಿಕ್ಕಪ್ಪ ಸಿಟಿಯಿಂದ ದಾಸಪ್ಪ ಅನ್ನುವ ಮೆಕ್ಯಾನಿಕ್ಕನ್ನು ಕರೆಸಿದ್ದ.

"ಒಂದು ಬಿಲ್ಲೆ ಆಕ್ಬುಟ್ಟು ಇಪ್ಪತ್ತು ನಿಮಿಷ ಆಡ್ತವೆ ಕಣಯ್ಯ ಈ ಐಕ್ಳು. ಕ್ಯೂ ಮುಂದಕ್ಕೇ ಓಗಲ್ಲ."

"ಅದಕ್ಕೇನು ಸಾರ್, ಟೈಟ್ ಮಾಡಿದ್ರಾಯ್ತು" ಅಂದ ದಾಸಪ್ಪ. ಮಿಷನ್ನಿನ ಹಿಂಬಾಗಿಲು ತೆಗೆದ. ಒಳಗೆ ಹಸಿರು ಹಲಗೆಯ ಮೇಲೆ ಅಕ್ಕಿಕಾಳಿನಷ್ಟು ಸಣ್ಣ ಸ್ವಿಚ್ಚುಗಳು ಸಾಲಾಗಿವೆ. ಬೆಂಕಿಕಡ್ಡಿಯಿಂದ ಒಂದನ್ನು ಮೇಲಕ್ಕೆ ತಳ್ಳಿದ. ಅಷ್ಟೇ. ಹುಳಗಳು ಎರಡರಷ್ಟು ಜೋರಾಗಿ ಇಳಿಯುವುದಕ್ಕೆ ಶುರುವಾದವು. ನಾನು ಪಕ್ಕದಲ್ಲೇ ಪೊರಕೆ ಹಿಡಿದು ನಿಂತಿದ್ದೆ. "ಬಾಯಿ ಬಿಟ್ರೆ ನೋಡು" ಅಂದ ಚಿಕ್ಕಪ್ಪ.

ಆಮೇಲೆ ಏನಾಯಿತು ಕೇಳು. ಮುನಿಕೃಷ್ಣ ಕೋಲನ್ನೇ ಬೈಯುತ್ತಿದ್ದಾನೆ. ಸೆಲ್ವ ಕರೆಂಟನ್ನು ಬೈಯುತ್ತಿದ್ದಾನೆ. ಪಾಪಣ್ಣ ನಮ್ಮೆಲ್ಲರನ್ನೂ ಕೋಣೆಯಿಂದಲೇ ಆಚೆ ನಿಲ್ಲಿಸುತ್ತಿದ್ದಾನೆ. ಈಶ್ವರಿ ಮೊದಲ ಸಾಲಿನಲ್ಲೇ ಮೂರು ಹಡಗೂ ಕಳೆದುಕೊಂಡಳು. "ನಂಗೆ ತಲೆ ಇಲ್ಲಕ್ಕ. ಸ್ಕೂಲಲ್ಲೂ ಹಂಗೇ" ಅಂದಳು.

ತಪ್ಪಿಸಿಕೊಳ್ಳುವವರು ಅಂತ ನಿನ್ನ ಮೇಡಂ ಹೇಳಿದ ಹುಡುಗರು ಹೆಚ್ಚುಕಡಿಮೆ ಸರಿಯಾಗಿಯೇ ಹೇಳುತ್ತಿದ್ದಾರೆ. ಒಳ್ಳೆಯ ವಿದ್ಯಾರ್ಥಿನಿಯೊಬ್ಬಳೇ ಪೂರ್ತಿ ತಪ್ಪು. ಇದನ್ನು ರೆಕಾರ್ಡಿನಲ್ಲಿ ಬರೆ.

ನಾನು ಮಕ್ಕಳಿಗೆ ಇನ್ನೂ ಹೇಳಿಲ್ಲ. ಹೇಳದೇ ಇರುವುದು ಸುಳ್ಳಲ್ಲ ಅಂತ ಅಂದುಕೊಂಡು ದಿನ ತಳ್ಳುತ್ತಿದ್ದೇನೆ. ಊಟ ಸೇರುತ್ತಿಲ್ಲ.

ಪಿಳ್ಳಿ


ತುಮಕೂರು
27-8-1986

ಪಿಳ್ಳೀ,

ಚಿಕ್ಕಪ್ಪನವರ ಜೊತೆ ಜಗಳ ಮಾಡಿಕೊಳ್ಳಬೇಡ. ಅಂಗಡಿ ಅವರದು. ಸ್ವಿಚ್ಚಿನ ವಿಷಯವನ್ನು ನಾನು ಬರೆಯುತ್ತಿಲ್ಲ. ಅದನ್ನು ಸೇರಿಸಿದರೆ ಬರೆದದ್ದೆಲ್ಲ ಬೇರೆ ಕಡೆಗೆ ತಿರುಗುತ್ತದೆ, ಮೊದಲಿನಿಂದ ಬರೆಯಬೇಕಾಗುತ್ತದೆ. ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುವುದು ಸುಳ್ಳಲ್ಲ, ಎಲ್ಲರೂ ಹಾಗೇ ಮಾಡುತ್ತಾರೆ. ನೀನು ಎಲ್ಲವನ್ನೂ ಅನುಮಾನದಿಂದ ನೋಡುವುದನ್ನು ಬಿಡು. ಆ ಕತ್ತಲೆ ಕೋಣೆಯಲ್ಲಿ ಕೂತು ಕೂತು ನಿನ್ನ ಬುದ್ಧಿ ಹೀಗಾಗುತ್ತಿದೆ.

ಅದಕ್ಕೇ ಫಾರಂ ತುಂಬು ಎನ್ನುತ್ತಿದ್ದೇನೆ. ನಾನೇ ತರಿಸಿ ಕಳಿಸುತ್ತೇನೆ. ನನಗಾಗಿಯಾದರೂ ಕೂರು.

ಭಾಗ್ಯ


ರಾಜಗೋಪಾಲನಗರ
14-9-1986

ಅಕ್ಕಾ,

ನಿನಗಾಗಿ ನಾನು ಯಾಕೆ ಪರೀಕ್ಷೆಗೆ ಕೂರಬೇಕು? ಈ ಮಾತನ್ನು ಮೂರು ಸಲ ಓದಿದೆ. ಪಾಸಾದರೆ ನನಗೆ ಲಾಭ. ನಿನಗೆ ಏನು ಲಾಭ?

ಗಣೇಶನ ಹಬ್ಬ ಮುಗಿದ ಮಾರನೇ ದಿನ ಈಶ್ವರಿಗೆ ಸ್ವಿಚ್ಚಿನ ವಿಷಯ ಹೇಳಿದೆ. ಅವಳು ನಂಬಲಿಲ್ಲ. "ನಂಗೆ ಬೇಜಾರಾಗ್ಬಾರ್ದು ಅಂತ ಹೇಳ್ತೀಯ. ನೀನು ಒಳ್ಳೇಳು ಕಣಕ್ಕ" ಅಂದಳು. ಸುಳ್ಳು ಹೇಳಿದ ಮಿಷನ್ನನ್ನು ನಂಬಿಬಿಟ್ಟಿದ್ದಾಳೆ, ನಿಜ ಹೇಳಿದ ನನ್ನನ್ನು ಸಮಾಧಾನ ಮಾಡಿ ಹೋದಳು. ಅವತ್ತಿನಿಂದ ಅವಳು ಬಂದಿಲ್ಲ.

ಅದಕ್ಕಿಂತ ದೊಡ್ಡದು ಬೇರೆ ಇದೆ. ಗುರುವಾರ ಶ್ಯಾಮಣ್ಣ ಮೇಷ್ಟ್ರು ಮಗನನ್ನು ಹುಡುಕಿಕೊಂಡು ಅಂಗಡಿಗೆ ಬಂದರು. ನನಗೆ ಹತ್ತನೇ ಕ್ಲಾಸಿನಲ್ಲಿ ಲೆಕ್ಕ ಹೇಳಿಕೊಟ್ಟವರು, ಆ ಕಾಗದ ಬರೆದವರು. ಹುಡುಗ, "ನಾನು ಸುಮ್ನೆ ನೋಡ್ತಾ ಇದ್ದೆ ಅಪ್ಪಾ" ಅಂದ. ಕೋಲು ಇನ್ನೂ ಅವನ ಕೈಯಲ್ಲೇ ಇತ್ತು. ಅವನ ಕಿವಿ ಹಿಡಿದುಕೊಂಡೇ ಮೇಷ್ಟ್ರು ನನ್ನ ಕಡೆ ತಿರುಗಿದರು.

"ಪಿಳ್ಳಮ್ಮ ಅಲ್ವಾ? ಇಲ್ಲಿ ಕೂತ್ಕೊಳ್ಳೋಕೆ ಪುರಸೊತ್ತಿದೆ. ನಾನು ಕರೆದಾಗ ಇರಲಿಲ್ಲ."

"ಯಾವಾಗ ಕರೆದ್ರಿ ಸಾರ್?"

"ಚೆನ್ನಾಗಿದೆ! ನಿಮ್ಮಪ್ಪಂಗೆ ಕಾಗದ ಬರೆದಿದ್ನಲ್ಲಮ್ಮ. ಸಂಜೆ ಹೊತ್ತು ಕಳಿಸಿ ಅಂತ. ಒಂದು ಉತ್ತರಾನೂ ಇಲ್ಲ."

ಅಷ್ಟು ಹೇಳಿ ಮಗನನ್ನು ಎಳೆದುಕೊಂಡು ಹೋದರು. ರಾತ್ರಿ ಮುದ್ದೆ ಬಡಿಸುವಾಗ ಅಪ್ಪನನ್ನು ಕೇಳಿದೆ, ಆ ಕಾಗದದಲ್ಲಿ ಏನಿತ್ತಪ್ಪ ಅಂತ.

"ಭಾಗ್ಯ ಓದ್ಲಿಲ್ವೇನವ್ವ? ನಿನ್ ತಲೆಗೆ ಲೆಕ್ಕ ಅತ್ತಾಕಿಲ್ಲ, ಮನೇಲೇ ಇಟ್ಕಳಿ ಅಂತ. ಅಂಗಂತ ಬರ್ದಿದ್ರು."

ಕಾಗದ ತಗಡಿನ ಪೆಟ್ಟಿಗೆಯಲ್ಲಿದೆಯಂತೆ. ನಿನಗೆ ಗೊತ್ತಲ್ಲ, ಫ್ಯಾಕ್ಟರಿಗೆ ಜಮೀನು ಬಿಟ್ಟುಕೊಟ್ಟ ದಿನದಿಂದ ಅಪ್ಪ ಒಂದು ಚೀಟಿಯನ್ನೂ ಬಿಸಾಡುವುದಿಲ್ಲ. ಬೀಗದಕೈ ಉಡಿದಾರದಲ್ಲಿದೆ. ಕೇಳಿದರೆ ಕೊಡುತ್ತಾನೆ. ನಾನು ಕೇಳಿಲ್ಲ.

ಮೊದಲು ನಿನ್ನನ್ನು ಕೇಳುತ್ತಿದ್ದೇನೆ. ಅದರಲ್ಲಿ ಏನು ಬರೆದಿತ್ತು?

ಪಿಳ್ಳಿ


ತುಮಕೂರು
30-9-1986

ಪ್ರೀತಿಯ ತಂಗಿ ಪಿಳ್ಳಮ್ಮನಿಗೆ,

ನನ್ನ ರೆಕಾರ್ಡಿಗೆ ತರಗತಿಯಲ್ಲೇ ಹೆಚ್ಚು ಅಂಕ ಬಂದಿದೆ. ಅದರಲ್ಲಿ ನಿನ್ನ ಪಾಲೂ ಇದೆ. ವಸಂತಮ್ಮ ಮೇಡಂ ಎಲ್ಲರ ಮುಂದೆ ನನ್ನಿಂದಲೇ ಓದಿಸಿದರು.

ನೀನು ಕೇಳಿದ ವಿಷಯ ಒಂದು ವರ್ಷದ ಹಿಂದಿನದು. ನನಗೆ ಸರಿಯಾಗಿ ನೆನಪಿಲ್ಲ. ಮೇಷ್ಟ್ರುಗಳಿಗೆ ಎಷ್ಟೋ ಮಕ್ಕಳು. ಬೇರೆ ಯಾರಿಗೋ ಬರೆದದ್ದನ್ನು ನಿನಗೆ ಬರೆದೆ ಎಂದುಕೊಂಡಿರಬಹುದು. ಅಮ್ಮ ಹಾಸಿಗೆ ಹಿಡಿದಿದ್ದ ಸಮಯ ಅದು, ಮನೆಯಲ್ಲಿ ಯಾರ ತಲೆಯೂ ನೆಟ್ಟಗಿರಲಿಲ್ಲ. ಹಳೆಯದನ್ನು ಕೆದಕಿ ಅಪ್ಪನವರಿಗೆ ನೋವು ಕೊಡಬೇಡ. ಆ ಪೆಟ್ಟಿಗೆಯನ್ನು ಮುಟ್ಟಲೂ ಬೇಡ, ಜಮೀನಿನ ಪತ್ರಗಳು ಹೆಚ್ಚುಕಡಿಮೆಯಾದಾವು.

ಫಾರಂ ಇದರೊಳಗೆ ಇಟ್ಟಿದ್ದೇನೆ. ದಸರಾ ರಜೆಗೆ ಬರಲಾಗುವುದಿಲ್ಲ, ಇಲ್ಲಿ ಕೆಲಸವಿದೆ.

ಭಾಗ್ಯ


ರಾಜಗೋಪಾಲನಗರ
13-10-1986

ಅಕ್ಕಾ,

ನಿನ್ನೆ ಆಯುಧಪೂಜೆ. ಚಿಕ್ಕಪ್ಪ ವಿಡಿಯೋ ಗೇಮ್ ಮಿಷನ್ನಿಗೆ ಚೆಂಡುಹೂವಿನ ಹಾರ ಹಾಕಿ ಕುಂಬಳಕಾಯಿ ಒಡೆದ. ಅಪ್ಪನಿಗೆ ಪೂಜೆ ಮಾಡಲು ನೇಗಿಲೂ ಇಲ್ಲ, ಕುಡುಗೋಲೂ ಇಲ್ಲ. ತಗಡಿನ ಪೆಟ್ಟಿಗೆಯನ್ನೇ ಜಗಲಿಗೆ ತಂದು, ಬೀಗ ತೆಗೆದು, ಕುಂಕುಮ ಇಟ್ಟ. "ಇದೇ ಕಣವ್ವ ಈಗ ನನ್ ಆಯುಧ" ಅಂದ. ನಾನು ಮುಟ್ಟಬಾರದು ಅಂತ ನೀನು ಬರೆದಿದ್ದೆ. ಕಾಗದಗಳ ಧೂಳು ಒರೆಸಿಕೊಡು ಅಂತ ಅಪ್ಪನೇ ಹೇಳಿದ.

ಶ್ಯಾಮಣ್ಣ ಮೇಷ್ಟ್ರ ಕಾಗದ ಕಂದಾಯದ ರಸೀದಿಗಳ ಕೆಳಗಿತ್ತು. ನಿನಗೆ ನೆನಪಿಲ್ಲ ಅಂದೆಯಲ್ಲ, ಪೂರ್ತಿ ಬರೆಯುತ್ತೇನೆ. ಐದೇ ವಾಕ್ಯ.

"ನಿಮ್ಮ ಮಗಳು ಪಿಳ್ಳಮ್ಮ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದಲ್ಲಿ ಫೇಲಾಗಿದ್ದಾಳೆ. ಬೀಜಗಣಿತ ಅವಳ ತಲೆಗೆ ಇನ್ನೂ ಹತ್ತಿಲ್ಲ. ಆದರೆ ಹುಡುಗಿ ಚುರುಕಾಗಿದ್ದಾಳೆ, ಪಾಸಾಗಲು ನಾಲ್ಕೇ ಅಂಕ ಕಡಿಮೆ. ದಿನಾ ಸಂಜೆ ಒಂದು ಗಂಟೆ ನಾನೇ ಹೇಳಿಕೊಡುತ್ತೇನೆ, ಕಳಿಸಿಕೊಡಿ. ಯಾವ ಕಾರಣಕ್ಕೂ ಶಾಲೆ ಬಿಡಿಸಬೇಡಿ."

ಅವತ್ತು ನಾನು ಅಮ್ಮನ ಗಂಜಿ ಲೋಟ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ನೀನು ಮೊದಲ ಎರಡು ವಾಕ್ಯ ಓದಿದೆ. ಆಮೇಲೆ ಕೆಮ್ಮಿದೆ. ಕೆಮ್ಮಿ, "ಮನೆಯಲ್ಲೇ ಇಟ್ಟುಕೊಳ್ಳಿ" ಅಂತ ಓದಿದೆ. ಮಡಚಿ ಅಪ್ಪನ ಕೈಗೆ ಕೊಟ್ಟೆ. ನನಗೆ ಎಷ್ಟು ನಾಚಿಕೆಯಾಗಿತ್ತು ಅಂದರೆ ಆ ಕಾಗದವನ್ನು ಕಣ್ಣಿನಿಂದ ನೋಡಬೇಕು ಅಂತಲೂ ಅನ್ನಿಸಲಿಲ್ಲ.

ಮೇಷ್ಟ್ರು ಬರೆಯದ ಮಾತನ್ನು ಒಂದು ವರ್ಷ ತಲೆಯಲ್ಲಿ ಇಟ್ಟುಕೊಂಡು ಓಡಾಡಿದ್ದೇನೆ.

ಉತ್ತರ ಬರೆ.


ತುಮಕೂರು
24-10-1986

ಪಿಳ್ಳೀ,

ಹೌದು.

ಹತ್ತು ದಿನದಲ್ಲಿ ಆರು ಕಾಗದ ಬರೆದು ಹರಿದಿದ್ದೇನೆ. ಇದನ್ನು ಹಾಕಿಬಿಡುತ್ತೇನೆ.

ಮೇಷ್ಟ್ರ ಕಾಗದ ಬರುವ ಹಿಂದಿನ ದಿನ ಚಿಕ್ಕಮುನಿಯಮ್ಮತ್ತೆ ಬಂದಿದ್ದಳು. ನಿಮ್ಮಮ್ಮ ಲಕ್ಷ್ಮಮ್ಮನ ಮೈ ಒರೆಸಿ ಗಂಜಿ ಕುಡಿಸೋದಕ್ಕೆ ಒಬ್ಬಳು ಹೆಣ್ಣುಮಗಳು ಮನೆಯಲ್ಲಿರಬೇಕು, ದೊಡ್ಡವಳು ನೀನು, ತುಮಕೂರು ಸಾಕು, ಬಂದುಬಿಡು ಅಂದಳು. ಅಪ್ಪ ತಲೆ ಅಲ್ಲಾಡಿಸಿದ. ನನಗೆ ಸೀಟು ಸಿಕ್ಕಿ ಮೂರು ತಿಂಗಳಾಗಿತ್ತು. ಮಾರನೇ ದಿನ ಆ ಕಾಗದ ನನ್ನ ಕೈಗೆ ಬಂತು. ಪೂರ್ತಿ ಓದಬೇಕೆಂದೇ ಶುರು ಮಾಡಿದೆ. ಎರಡನೇ ವಾಕ್ಯ ಮುಗಿದಾಗ ಅಪ್ಪ, "ಅಂಗಾರೆ ಇವಳೇ ಇರ್ಲಿ ಮನೇಲಿ" ಅಂತ ತನ್ನಷ್ಟಕ್ಕೆ ಅಂದ. ಅಲ್ಲಿಗೇ ನಿಲ್ಲಿಸಿದೆ. ಆ ಒಂದು ಮಾತನ್ನು ಸೇರಿಸಿದೆ.

ಹೋದ ತಿಂಗಳು ತರಗತಿಯಲ್ಲಿ ರೆಕಾರ್ಡ್ ಓದುವಾಗ ಈಶ್ವರಿಯ ಮಾತು ಬಂದ ಕಡೆ ಮತ್ತೆ ಕೆಮ್ಮು ಬಂತು.

ಅಪ್ಪನಿಗೆ ಹೇಳಿದೆಯಾ?

ಭಾಗ್ಯ


ರಾಜಗೋಪಾಲನಗರ
5-11-1986

ಅಕ್ಕಾ,

ದೀಪಾವಳಿಗೂ ನೀನು ಬರಲಿಲ್ಲ. ಬಸ್ಸಿನ ಶಬ್ದ ಬಂದಾಗಲೆಲ್ಲ ಅಪ್ಪ ರಸ್ತೆ ನೋಡಿದ.

ನಿನ್ನ ಕಾಗದದಲ್ಲಿ ಇದ್ದದ್ದು ಒಂದೇ ಪ್ರಶ್ನೆ, ಅಪ್ಪನಿಗೆ ಹೇಳಿದೆಯಾ ಅಂತ. ನಾನು ಹೇಗಿದ್ದೇನೆ ಅಂತ ಇರಲಿಲ್ಲ. ಆದರೆ ಅದರಲ್ಲಿ ಅಪ್ಪ ಮತ್ತೆ ಅಪ್ಪ ಆಗಿದ್ದಾನೆ, ಆದ್ದರಿಂದ ಪೂರ್ತಿ ಓದಿದೆ.

ಅಮ್ಮನನ್ನು ನೋಡಿಕೊಳ್ಳಬೇಕು, ನಿನ್ನ ಓದು ನಿಲ್ಲಿಸು ಅಂತ ನನ್ನನ್ನು ಕೇಳಿದ್ದರೆ ನಾನೇ ಬಿಡುತ್ತಿದ್ದೆ. ನಾಲ್ಕು ತಿಂಗಳು ಅಮ್ಮನ ಮೈ ಒರೆಸಿದ್ದಕ್ಕೆ ನನಗೆ ಯಾವತ್ತೂ ಬೇಜಾರಿಲ್ಲ. ದಡ್ಡಿ ಅಂತ ಹೇಳಿ ಬಿಡಿಸಬೇಕಾಗಿರಲಿಲ್ಲ. ಕೇಳುವುದಕ್ಕೆ ನಿನಗೆ ಭಯವಾಯಿತು. ನಾನು ಇಲ್ಲ ಅಂದರೆ ಅಂತ. ನಿನಗೆ ನನ್ನ ಮೇಲೆ ಇದ್ದ ಸಂಶಯ ಅದು.

ಬಲಿಪಾಡ್ಯಮಿಯ ದಿನ ಅಂಗಡಿ ತುಂಬಾ ಮಕ್ಕಳು. ಸೊಣ್ಣಮ್ಮನ ಮನೆಗೆ ಹೋಗಿ ಈಶ್ವರಿಯನ್ನು ಎಳೆದುಕೊಂಡು ಬಂದೆ. ಎಲ್ಲರ ಮುಂದೆ ಹಿಂಬಾಗಿಲು ತೆಗೆದೆ, ಬೆಂಕಿಕಡ್ಡಿ ಅವಳ ಕೈಗೆ ಕೊಟ್ಟೆ. "ಶಾಕ್ ಹೊಡೆಯಲ್ವಾ?" ಅಂದಳು. ಕರೆಂಟು ತೆಗೆದಿದ್ದೇನೆ ಅಂದೆ. ಅವಳೇ ಸ್ವಿಚ್ಚನ್ನು ಕೆಳಕ್ಕೆ ತಳ್ಳಿದಳು. ಮತ್ತೆ ಕರೆಂಟು ಹಾಕಿದಾಗ ಹುಳಗಳು ಮೊದಲಿನ ಹಾಗೆ ನಿಧಾನವಾಗಿ ಇಳಿದವು.

"ಅಂದ್ರೆ ಇಷ್ಟು ದಿನ ನಾನು ಸೋತಿದ್ದೆಲ್ಲಾ ಸ್ವಿಚ್ಚು!" ಅಂತ ಮುನಿಕೃಷ್ಣ ಕುಣಿದ.

"ಮತ್ತೆ ಗೆದ್ದಿದ್ದು?" ಅಂತ ಸೆಲ್ವ ಕೇಳಿದ.

"ಗೆದ್ದಿದ್ದು ನಾನು ಕಣೋ."

ಈಶ್ವರಿ ನಾಲ್ಕನೇ ಸಾಲಿಗೆ ಹೋದಳು. ಹೇಗೆ ಹೋದೆ ಅಂತ ಕೇಳಿದೆ. "ಹೆಂಗೋ" ಅಂತ ಶುರು ಮಾಡಿ ನಿಲ್ಲಿಸಿದಳು. ಮಿಷನ್ನಿನ ಹಿಂದೆ ಒಂದು ಸಲ ಬಗ್ಗಿ ನೋಡಿದಳು. ಆಮೇಲೆ, "ನಾನೇ ಆಡ್ದೆ" ಅಂದಳು, ನನ್ನ ಮೇಲೆ ಕೋಪ ಬಂದವಳ ಹಾಗೆ.

ಚಿಕ್ಕಪ್ಪ ನನ್ನನ್ನು ಅಂಗಡಿಯಿಂದ ಬಿಡಿಸಿದ್ದಾನೆ. "ನಿನ್ನಂಥೋಳ್ನ ಕೂರಿಸ್ಕಂಡ್ರೆ ಮಿಷನ್ ಮಾರ್ಕಂಡು ಸೊಪ್ಪು ಮಾರ್ಬೇಕಾಯ್ತದೆ" ಅಂದ. ಮರುದಿನವೇ ದಾಸಪ್ಪ ಬಂದು ಸ್ವಿಚ್ಚು ಮೇಲಕ್ಕೆ ತಳ್ಳಿ ಹಿಂಬಾಗಿಲಿಗೆ ಬೀಗ ಹಾಕಿದ. ಹಾಕಲಿ. ಒಳಗೆ ಏನಿದೆ ಅಂತ ಈಗ ಮಕ್ಕಳಿಗೆ ಗೊತ್ತು.

ಫಾರಂ ತುಂಬಿದ್ದೇನೆ. ನಿನಗಾಗಿ ಅಲ್ಲ. ಶ್ಯಾಮಣ್ಣ ಮೇಷ್ಟ್ರು ಸಂಜೆ ಐದಕ್ಕೆ ಬಾ ಅಂದಿದ್ದಾರೆ. ಬೀಜಗಣಿತ ಈಗಲೂ ಕಷ್ಟವೇ. ಏಪ್ರಿಲ್‌ನಲ್ಲಿ ನಾನು ಫೇಲಾಗಲೂಬಹುದು. ಆದರೆ ಈ ಸಲ ಫೇಲಾದರೆ ನಾನೇ ಫೇಲಾಗಿರುತ್ತೇನೆ. ಅದನ್ನು ತಿಳಿದುಕೊಳ್ಳುವುದಕ್ಕಾದರೂ ಒಂದು ಸಲ ಕೂರಬೇಕು. ಅಪ್ಪ ಹೆಬ್ಬೆಟ್ಟು ಒತ್ತುವ ಮೊದಲು, "ಏನ್ ಬರ್ದೈತೆ ಓದವ್ವ" ಅಂದ. ಪೂರ್ತಿ ಓದಿದೆ, ಕೆಳಗಿನ ಸಣ್ಣ ಅಕ್ಷರವನ್ನೂ.

ಮೇಷ್ಟ್ರ ಕಾಗದವನ್ನು ಮಾತ್ರ ಓದಿ ಹೇಳಿಲ್ಲ. ಅದನ್ನು ಪೆಟ್ಟಿಗೆಯಲ್ಲಿ ರಸೀದಿಗಳ ಮೇಲೆಯೇ ಇಟ್ಟಿದ್ದೇನೆ. ಭಾನುವಾರ ಬಾ. ಅಪ್ಪ ಜಗಲಿಯ ಮೇಲೆ ಕೂತಿರುತ್ತಾನೆ. ನಾನು ಅವತ್ತಿನ ಹಾಗೆ ಅಡುಗೆಮನೆ ಬಾಗಿಲಲ್ಲಿ ನಿಂತಿರುತ್ತೇನೆ. ಐದೂ ವಾಕ್ಯ ಓದು. ಮಧ್ಯೆ ಕೆಮ್ಮಬೇಡ.

ಪಿಳ್ಳಿ